ಊಟಕ್ಕೆ ಮುನ್ನ ನೀಡುವ ಪೇಯ: ಆಯ್ಕೆ, ವೆಚ್ಚ ಮತ್ತು ತೆರಿಗೆ

(ಅಧ್ಯಯನ ಲೇಖನ)

ಪೀಠಿಕೆ

ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಸಿಗಂದೂರಿನ ಶ್ರೀ ಚೌಡೇಶ್ವರಿ ದೇವಿಯ ದರ್ಶನಕ್ಕೆ ಸಾಗರದ ಕಡೆಯಿಂದ ಬರುವವರ ದಿನಚರಿಯನ್ನು ನಿರ್ಧರಿಸುತ್ತಿದ್ದುದು ಲಾಂಚಿನ ಸರದಿ. ಸಂಜೆಯ ಕೊನೆಯ ಲಾಂಚು ತಪ್ಪಿದವರು ಇದ್ದ ದಡದಲ್ಲಿಯೇ ಸಿಕ್ಕಿದ್ದನ್ನು ಉಂಡು ಮಲಗಬೇಕಾಗಿತ್ತು. ಈಗ ಆ ನಿರ್ಬಂಧವಿಲ್ಲ. ಯಾತ್ರಿಕರು ರಾತ್ರಿಯೂಟವನ್ನು ತುಮರಿಯಲ್ಲಿಯೂ ಮಾಡಬಹುದು, ಸಾಗರಕ್ಕೆ ಮರಳಿಯೂ ಮಾಡಬಹುದು, ಹೊಸನಗರದ ಕಡೆಯ ಯಾವುದಾದರೂ ಹೋಂಸ್ಟೇಯಲ್ಲಿಯೂ ಮಾಡಬಹುದು. ಅತಿಥಿಗೆ ಆಯ್ಕೆಯಿರುವಾಗ ಊಟ ಬಡಿಸುವವರಿಗೆ ಸ್ಪರ್ಧೆಯಿರುವುದು ಸಹಜ.

ಈ ಸ್ಪರ್ಧೆಯ ನಡುವೆ ಒಂದು ಸಣ್ಣ ಪ್ರಶ್ನೆ ನಮ್ಮ ಕಚೇರಿಗೆ ಪದೇ ಪದೇ ಬರುತ್ತಿದೆ. ರಾತ್ರಿಯೂಟಕ್ಕೆ ಅರ್ಧ ಗಂಟೆ ಮೊದಲು ಅತಿಥಿಯ ಕೈಗೆ ಏನು ಕೊಡಬೇಕು? ಬೆಂಗಳೂರಿನಿಂದ ಬರುವ ಕೆಲವರು ಕಾಕ್‌ಟೇಲ್ ಕೇಳುತ್ತಾರೆ. ಇದನ್ನು ಕಂಡ ಹೊಸನಗರ ತಾಲ್ಲೂಕಿನ ಯುವ ಉದ್ಯಮಿಯೊಬ್ಬರು ಮುರುಗಲು ರಸಕ್ಕೆ ಸೋಡಾ ತುಂಬಿದ 200 ಮಿಲಿಲೀಟರ್ ಬಾಟಲಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, ‘ಮದ್ಯ ಬೇಡವೆನ್ನುವ ಹೋಂಸ್ಟೇಗಳಿಗೆಲ್ಲ ಇದನ್ನೇ ಒದಗಿಸುತ್ತೇನೆ ಸಾರ್, ಲೇಬಲ್ ಮುದ್ರಣಕ್ಕೆ ಕೊಡುವ ಮೊದಲು ಒಮ್ಮೆ ಲೆಕ್ಕ ನೋಡಿ’ ಎಂದರು. ರುಚಿ ನಿಜಕ್ಕೂ ಚೆನ್ನಾಗಿತ್ತು. ಲೆಕ್ಕ ಹೇಗಿತ್ತೆಂಬುದನ್ನು ಮುಂದೆ ವಿವರಿಸಲಾಗಿದೆ.

ಊಟಕ್ಕೆ ಮುನ್ನದ ಪೇಯವನ್ನು ನಾಲಿಗೆಯ ರುಚಿಯಿಂದಲೂ ಲೆಕ್ಕದ ಪುಸ್ತಕದಿಂದಲೂ ಒಟ್ಟಿಗೆ ಆಯ್ದುಕೊಳ್ಳಬೇಕು ಎಂಬುದನ್ನು ವರ್ತಕ ಬಾಂಧವರಿಗೂ ಸಣ್ಣ ಉತ್ಪಾದಕರಿಗೂ ಮನವರಿಕೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

1. ಹಸಿವೆಯನ್ನು ತೆರೆಯುವ ಪೇಯ

ಯುರೋಪಿನಲ್ಲಿ ಊಟಕ್ಕೆ ಮುನ್ನ ಕುಡಿಯುವ ಪೇಯಕ್ಕೆ ‘ಅಪೆರಿಟಿಫ್’ ಎಂದು ಹೆಸರು. ಲ್ಯಾಟಿನ್ ಭಾಷೆಯ ‘ತೆರೆ’ ಎಂಬರ್ಥದ ಧಾತುವಿನಿಂದ ಬಂದ ಪದವಿದು. ಇದರ ಇತಿಹಾಸವು ಸಣ್ಣ ಉದ್ಯಮಿಗಳ ಇತಿಹಾಸವೂ ಹೌದು. ಇಟಲಿಯ ಟುರಿನ್ ನಗರದಲ್ಲಿ 1786ರಲ್ಲಿ ಆಂಟೋನಿಯೋ ಬೆನೆಡೆಟ್ಟೋ ಕಾರ್ಪಾನೋ ಎಂಬವರು ದ್ರಾಕ್ಷಾರಸಕ್ಕೆ ಕಹಿ ಗಿಡಮೂಲಿಕೆಗಳನ್ನು ಸೇರಿಸಿ ವರ್ಮೂತ್ ಎಂಬ ಪೇಯವನ್ನು ಮಾರಿದರು. ಫ್ರಾನ್ಸಿನಲ್ಲಿ 1846ರಲ್ಲಿ ಜೋಸೆಫ್ ದುಬೋನೆ ಎಂಬವರು ಮಲೇರಿಯಾ ತಡೆಗೆ ಬಳಕೆಯಲ್ಲಿದ್ದ ಕಹಿ ಕ್ವಿನೈನನ್ನು ಕುಡಿಯಲು ಒಪ್ಪುವಂತೆ ಮಾಡಿದರು. 1860ರಲ್ಲಿ ನೊವಾರಾ ಪಟ್ಟಣದಲ್ಲಿ ಗ್ಯಾಸ್ಪರೆ ಕಂಪಾರಿ ಎಂಬವರ ಕೆಂಪು ಬಣ್ಣದ ಕಹಿ ಪೇಯ ಹುಟ್ಟಿತು. ಇಂದು ಪ್ರಸಿದ್ಧವಾಗಿರುವ ನೆಗ್ರೋನಿ ಎಂಬ ಕಾಕ್‌ಟೇಲು ಜಿನ್, ಸಿಹಿ ವರ್ಮೂತ್ ಹಾಗೂ ಕಂಪಾರಿಗಳ ಸಮಪಾಲು ಮಿಶ್ರಣ.

ಈ ಪೇಯಗಳಲ್ಲಿ ಮದ್ಯಾಂಶ ಬೇರೆ ಬೇರೆ ಪ್ರಮಾಣದಲ್ಲಿದೆ. ಎಲ್ಲದರಲ್ಲಿಯೂ ಸಮಾನವಾಗಿ ಕಾಣುವುದು ಕಹಿ ಮತ್ತು ಸಣ್ಣ ಲೋಟ. ಹಸಿವೆಯ ಕೆಲಸವನ್ನು ಮಾಡುವುದು ಕಹಿ, ಹುಳಿ, ಖಾರಗಳೇ ಹೊರತು ಮದ್ಯವೊಂದೇ ಅಲ್ಲ. ಹುಳಿಯೂ ಕಹಿಯೂ ಬಾಯಲ್ಲಿ ನೀರೂರಿಸುತ್ತವೆ. ನಮ್ಮಲ್ಲಿ ಊಟಕ್ಕೆ ಮೊದಲು ಹಸಿಶುಂಠಿಗೆ ಉಪ್ಪು ಹಚ್ಚಿ ತಿನ್ನುವ ಆಯುರ್ವೇದದ ಪದ್ಧತಿಗೂ ಆಧಾರ ಇದೇ. ಆದುದರಿಂದ ಅತಿಥಿಯು ಕಾಕ್‌ಟೇಲ್ ಕೇಳಿದಾಗ ಆತನಿಗೆ ಬೇಕಾದುದು ಮದ್ಯವೇ, ಅಥವಾ ಪ್ರಯಾಣದ ದಣಿವು ಕಳೆದು ಊಟಕ್ಕೆ ಮನಸ್ಸು ತರುವ ಒಂದು ಲೋಟವೇ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

2. ಆಯ್ಕೆಯ ನಾಲ್ಕು ನಿಯಮಗಳು

(ಅ) ಸಿಹಿ ಕಡಿಮೆಯಿರಲಿ. ಸಕ್ಕರೆ, ಹಾಲು, ಜಿಡ್ಡು ಇವು ಹಸಿವೆಯನ್ನು ಮುಚ್ಚುತ್ತವೆ. ಬಾದಾಮಿ ಹಾಲು, ಮಿಲ್ಕ್‌ಶೇಕ್, ಗಟ್ಟಿ ಲಸ್ಸಿ ಇವುಗಳಿಗೆ ಬೇರೆ ಹೊತ್ತಿದೆ.

(ಆ) ಪ್ರಮಾಣ ಚಿಕ್ಕದಿರಲಿ. 120ರಿಂದ 150 ಮಿಲಿಲೀಟರ್ ಸಾಕು. ದೊಡ್ಡ ಲೋಟ ಕುಡಿದವರು ಅರ್ಧ ಊಟಕ್ಕೇ ಎದ್ದುಬಿಡುತ್ತಾರೆ.

(ಇ) ಊಟಕ್ಕೆ ಹೊಂದಿಕೊಳ್ಳಲಿ. ಊಟದಲ್ಲಿ ತಂಬುಳಿಯೋ ಹುಳಿಸಾರೋ ಇದ್ದರೆ ಮೊದಲು ಹುಳಿಪೇಯ ಬೇಡ; ಶುಂಠಿಯ ಮಜ್ಜಿಗೆ ಕೊಡಬಹುದು. ಎಣ್ಣೆಯಲ್ಲಿ ಕರಿದ ತಿನಿಸು ಹೆಚ್ಚಿರುವ ಊಟಕ್ಕೆ ಮುರುಗಲು ಉತ್ತಮ.

(ಈ) ಋತುವಿಗೆ ಒಪ್ಪಲಿ. ಏಪ್ರಿಲ್ ತಿಂಗಳಿನ ಸೆಕೆಯಲ್ಲಿ ಕೊಟ್ಟ ತಣ್ಣನೆಯ ಪಾನಕವನ್ನೇ ಜುಲೈ ತಿಂಗಳಿನಲ್ಲಿ ಆಗುಂಬೆಯ ಮಳೆಯಲ್ಲಿ ನೆನೆದು ಬಂದವರಿಗೆ ಕೊಡಲಾಗದು.

3. ನಮ್ಮ ಮೂರು ತಾಲ್ಲೂಕುಗಳಲ್ಲಿ ದೊರೆಯುವ ಪೇಯಗಳು

ಮುರುಗಲು: ಕರಾವಳಿಯವರು ಪುನರ್ಪುಳಿ ಎನ್ನುವ ಇದೇ ಹಣ್ಣು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡಂಚಿನಲ್ಲಿಯೂ ತೋಟದ ಬದುಗಳಲ್ಲಿಯೂ ಬೆಳೆಯುತ್ತದೆ. ಬಣ್ಣ, ಹುಳಿ, ತುಸು ಒಗರು ಮೂರೂ ಇರುವುದರಿಂದ ಊಟಕ್ಕೆ ಮುನ್ನದ ಪೇಯಕ್ಕೆ ಹೇಳಿ ಮಾಡಿಸಿದ ವಸ್ತು. ಇದರಲ್ಲಿ ಎಚ್ಚರ ವಹಿಸಬೇಕಾದುದು ಸಕ್ಕರೆಯ ಬಗ್ಗೆ. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ಹಣ್ಣಿನ ಸಿರಪ್ಪಿನಲ್ಲಿ ಕರಗಿದ ಘನಾಂಶವು ಶೇಕಡಾ 65ಕ್ಕೆ ಕಡಿಮೆಯಿರಬಾರದು. ಅಂತಹ ಒಂದು ಲೀಟರ್ ಸಿರಪ್ಪಿನಲ್ಲಿ ಸುಮಾರು 850 ಗ್ರಾಂ ಘನಾಂಶವಿದ್ದು, ಅದರಲ್ಲಿ ಬಹುಪಾಲು ಸಕ್ಕರೆಯೇ. ಅದಕ್ಕೆ ಆರು ಲೀಟರ್ ನೀರು ಸೇರಿಸಿ 140 ಮಿಲಿಲೀಟರಿನ 50 ಲೋಟಗಳಿಗೆ ಹಂಚಿದರೆ ಲೋಟವೊಂದಕ್ಕೆ ಸುಮಾರು 17 ಗ್ರಾಂ, ಅಂದರೆ ಹೆಚ್ಚುಕಡಿಮೆ ನಾಲ್ಕು ಚಮಚ ಸಕ್ಕರೆ ಬೀಳುತ್ತದೆ. ಊಟದ ಮೊದಲು ಇದು ಅಧಿಕ. ಸಿರಪ್ಪನ್ನು ಅರ್ಧಕ್ಕೆ ಇಳಿಸಿ, ಉಳಿದ ಹುಳಿಯನ್ನು ಒಣ ಮುರುಗಲು ಸಿಪ್ಪೆ ನೆನೆಸಿದ ನೀರಿನಿಂದ ತುಂಬಿಸಿ, ಚಿಟಿಕೆ ಉಪ್ಪು ಹಾಗೂ ಹುರಿದ ಜೀರಿಗೆಯ ಪುಡಿ ಹಾಕುವುದು ಸೂಕ್ತ. ಮಧುಮೇಹವಿರುವ ಅತಿಥಿಗೆ ಸಿರಪ್ಪಿಲ್ಲದೆ ಸಿಪ್ಪೆಯ ನೀರನ್ನಷ್ಟೇ ಕೊಡಬೇಕು.

ಅಪ್ಪೆಹುಳಿ: ಹವ್ಯಕರ ಮನೆಗಳ ಈ ಪೇಯವನ್ನು ಸಾಮಾನ್ಯವಾಗಿ ಊಟದ ಜೊತೆಗೆ ಕುಡಿಯುತ್ತಾರೆ. ಮಾವಿನಕಾಯಿ ಬೇಯಿಸಿ ಹಿಂಡಿ, ನೀರು, ಉಪ್ಪು, ಹಸಿಮೆಣಸು ಸೇರಿಸಿ, ಸಾಸಿವೆ–ಇಂಗಿನ ಒಗ್ಗರಣೆ ಕೊಟ್ಟ ತೆಳು ಸಾರಿದು. ಸಕ್ಕರೆ ಬೇಡ, ಮಂಜುಗಡ್ಡೆ ಬೇಡ. ಹೊರ ಊರಿನ ಅತಿಥಿಗೆ ಊಟಕ್ಕೆ ಹತ್ತು ನಿಮಿಷ ಮೊದಲು ಸಣ್ಣ ಲೋಟದಲ್ಲಿ ಇದನ್ನು ಕೊಟ್ಟರೆ ಬೇರೆಲ್ಲೂ ಸಿಗದ ರುಚಿ ಇಲ್ಲಿ ಸಿಕ್ಕಿತೆಂದು ಆತ ನೆನಪಿಟ್ಟುಕೊಳ್ಳುತ್ತಾನೆ. ಅಪ್ಪೆಮಿಡಿಯ ಪರಿಮಳವಿರುವ ಕಾಯಿ ದೊರೆತರೆ ಇನ್ನೂ ಒಳ್ಳೆಯದು.

ನೀರುಮಜ್ಜಿಗೆ: ಶುಂಠಿ, ಕರಿಬೇವು, ಇಂಗು, ಉಪ್ಪು ಬೆರೆಸಿದ ತೆಳು ಮಜ್ಜಿಗೆ. ಅತ್ಯಂತ ಕಡಿಮೆ ವೆಚ್ಚದ, ಎಲ್ಲ ವಯಸ್ಸಿನವರಿಗೂ ಒಪ್ಪುವ ಆಯ್ಕೆ.

ಕಂಚಿ, ನಿಂಬೆ, ನೆಲ್ಲಿ: ಕಂಚಿಕಾಯಿಯ ಸಿಪ್ಪೆಯಲ್ಲಿ ಸಹಜವಾದ ಕಹಿ ಇರುವುದರಿಂದ ಪಾಶ್ಚಾತ್ಯ ಅಪೆರಿಟಿಫ್ ಪೇಯಗಳ ರುಚಿಗೆ ಇದು ಬಹಳ ಸಮೀಪ. ರಸದೊಡನೆ ಶುಂಠಿಯನ್ನೂ ಒಂದು ತೆಳು ಸಿಪ್ಪೆಯನ್ನೂ ಹಾಕಿದರೆ ಸಾಕು. ನೆಲ್ಲಿಕಾಯಿಯ ರಸವು ಚಳಿಗಾಲಕ್ಕೆ ಅನುಕೂಲ.

ಕೊಡಸಿಗೆ ಹೂವು ಮತ್ತು ಮಳೆಗಾಲದ ಬಿಸಿಪೇಯ: ಒಣಗಿಸಿಟ್ಟ ಕೊಡಸಿಗೆ ಹೂವಿನ ತಂಬುಳಿಯನ್ನು ತೆಳುವಾಗಿಸಿದರೆ ಕಹಿಪೇಯವೇ ಆಗುತ್ತದೆ. ಮಳೆಗಾಲದಲ್ಲಿ ಕಾಳುಮೆಣಸಿನ ಬಿಸಿ ಸಾರು ಅಥವಾ ಮಜ್ಜಿಗೆಹುಲ್ಲು–ಶುಂಠಿಯ ಕಷಾಯಕ್ಕಿಂತ ಮಿಗಿಲಾದುದಿಲ್ಲ.

ಯಾವ ಹುಳಿಪೇಯವನ್ನೂ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಇಡತಕ್ಕದ್ದಲ್ಲ. ಅಲಂಕಾರಕ್ಕೆಂದು ತಾಮ್ರದ ಲೋಟದಲ್ಲಿ ಮುರುಗಲು ಕೊಡುವ ಹೊಸ ರೂಢಿ ಅಪಾಯಕಾರಿ. ಸ್ಟೀಲ್, ಗಾಜು, ಪಿಂಗಾಣಿ ಇವೇ ಸರಿ.

4. ಮದ್ಯದ ಪ್ರಶ್ನೆ

ಮದ್ಯ ಬೆರೆಸಿದ ಕಾಕ್‌ಟೇಲನ್ನು ಹಣಕ್ಕೆ ಕೊಡಬೇಕಾದರೆ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಅಡಿಯಲ್ಲಿ ಸನ್ನದು ಇರಲೇಬೇಕು. ಹೋಟೆಲ್ ಮತ್ತು ವಸತಿಗೃಹಗಳಿಗೆ ಸಿಎಲ್-7, ಬಾರ್ ಮತ್ತು ರೆಸ್ಟೋರೆಂಟುಗಳಿಗೆ ಸಿಎಲ್-9 ಎಂಬುದು ವರ್ತಕರಿಗೆ ತಿಳಿದ ವಿಷಯ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿಯಾಗಿದೆ ಎಂಬ ಮಾತ್ರಕ್ಕೆ ಮದ್ಯ ಬಡಿಸುವ ಹಕ್ಕು ಬರುವುದಿಲ್ಲ. ‘ಬಾಟಲಿ ಅತಿಥಿಯದು, ನಾವು ಕೊಟ್ಟದ್ದು ಸೋಡಾ ಮತ್ತು ಮಂಜುಗಡ್ಡೆ ಮಾತ್ರ’ ಎಂಬ ವಾದದ ಮೇಲೆ ವ್ಯವಹಾರವನ್ನು ಕಟ್ಟಬಾರದು. ಸಂದೇಹವಿದ್ದರೆ ಅಬಕಾರಿ ಕಚೇರಿಗೆ ಪತ್ರ ಬರೆದು ಲಿಖಿತ ಉತ್ತರ ಪಡೆದಿಟ್ಟುಕೊಳ್ಳುವುದು ಕ್ಷೇಮ. ಮನೆಯಲ್ಲಿ ಹಣ್ಣು ಕೊಳೆಸಿ ವೈನ್ ಮಾಡಿ ಅತಿಥಿಗಳಿಗೆ ಮಾರುವುದೂ ಇದೇ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಇಲ್ಲಿ ಒಂದು ಪೆಟ್ಟು ಇದೆ. ಮಾನವ ಸೇವನೆಯ ಮದ್ಯವು ಜಿಎಸ್‌ಟಿಯ ಹೊರಗಿದೆ. ರಾಜಿ ತೆರಿಗೆ ಪದ್ಧತಿಯಲ್ಲಿ ವಹಿವಾಟಿನ ಮೇಲೆ ಶೇಕಡಾ 5 ಕಟ್ಟಿ ನಿಶ್ಚಿಂತರಾಗಿರುವ ಸಣ್ಣ ಹೋಟೆಲಿನವರು ಮದ್ಯವನ್ನು ಬಡಿಸತೊಡಗಿದ ದಿನವೇ ಆ ಪದ್ಧತಿಯಿಂದ ಹೊರಬೀಳುತ್ತಾರೆ. ಸನ್ನದು ಶುಲ್ಕವನ್ನು ಮಾತ್ರ ಲೆಕ್ಕ ಹಾಕಿ ಇದನ್ನು ಮರೆಯುವವರೇ ಹೆಚ್ಚು.

ಸನ್ನದು ಇರುವವರಿಗೂ ಒಂದು ಸಲಹೆ. ಊಟಕ್ಕೆ ಮುನ್ನದ ಕಾಕ್‌ಟೇಲು ಮದ್ಯಾಂಶದಲ್ಲಿ ಹಗುರವಾಗಿರಲಿ. ವರ್ಮೂತಿಗೆ ಸೋಡಾ ಹಾಗೂ ಕಂಚಿ ಸಿಪ್ಪೆ, ಅಥವಾ ಸ್ವಲ್ಪ ಜಿನ್ನಿಗೆ ಸಕ್ಕರೆಯಿಲ್ಲದ ಮುರುಗಲು ನೀರು ಇಂತಹವು ಊಟವನ್ನು ಕೆಡಿಸುವುದಿಲ್ಲ. ಮದ್ಯಕ್ಕೂ ಆಹಾರಕ್ಕೂ ಬಿಲ್ಲು ಮತ್ತು ಲೆಕ್ಕ ಪ್ರತ್ಯೇಕವಾಗಿರಲಿ. ಊಟ ಮುಗಿಸಿ ವಾಹನ ಚಲಾಯಿಸುವವರಿಗೆ ಮದ್ಯ ಬೇಡವೆಂದು ಹೇಳುವ ಧೈರ್ಯವೂ ಇರಲಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅದು ಅಪರಾಧ. ಸಿಗಂದೂರು ಕ್ಷೇತ್ರದ ಆಸುಪಾಸಿನಲ್ಲಿಯಂತೂ ಬಹುಪಾಲು ಅತಿಥಿಗಳು ದೇವಿಯ ದರ್ಶನಕ್ಕೆ ಬರುವವರು. ಅವರ ಮನಸ್ಸನ್ನು ಅರಿತವರಿಗೆ ಈ ಪ್ರಶ್ನೆಯೇ ಏಳದು.

5. ಬಾಟಲಿಗೆ ತುಂಬಿದಾಗ ತೆರಿಗೆ ಬದಲಾಗುವ ಬಗೆ

ಹೋಟೆಲು ಅಥವಾ ಹೋಂಸ್ಟೇಯಲ್ಲಿ ಲೋಟದಲ್ಲಿ ಕೊಡುವ ಪೇಯವು ರೆಸ್ಟೋರೆಂಟ್ ಸೇವೆಯ ಭಾಗ. ಸಾಮಾನ್ಯ ಹೋಟೆಲುಗಳಲ್ಲಿ ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇಕಡಾ 5 ತೆರಿಗೆ. ಮುರುಗಲಿಗೆ ಸೋಡಾ ಬೆರೆಸಿದರೂ ಅಷ್ಟೇ, ಬೆರೆಸದಿದ್ದರೂ ಅಷ್ಟೇ. ಆದರೆ ಅದೇ ಪೇಯವನ್ನು ಬಾಟಲಿಗೆ ತುಂಬಿ ಸರಕಾಗಿ ಮಾರಿದಾಗ ಸಂಗತಿ ಬೇರೆಯಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ದರಗಳನ್ನು ಗಮನಿಸಿ:

— ಹಣ್ಣಿನ ರಸ ಅಥವಾ ತಿರುಳು ಆಧಾರಿತ, ಸೋಡಾರಹಿತ ಪೇಯ: ಶೇಕಡಾ 12 ಇದ್ದುದು ಶೇಕಡಾ 5.
— ಹಣ್ಣಿನ ರಸವಿದ್ದು ಸೋಡಾ ತುಂಬಿದ ಪೇಯ: ಶೇಕಡಾ 28 ತೆರಿಗೆ ಹಾಗೂ ಶೇಕಡಾ 12 ಪರಿಹಾರ ಸೆಸ್ ಇದ್ದುದು ಶೇಕಡಾ 40 ತೆರಿಗೆ.
— ಹಣ್ಣಿನ ರಸವಿಲ್ಲದ ಇತರ ಮದ್ಯರಹಿತ ಪೇಯ: ಶೇಕಡಾ 18 ಇದ್ದುದು ಶೇಕಡಾ 40.
— ಬೇರೆಡೆ ಹೆಸರಿಸದ ಆಹಾರ ತಯಾರಿಕೆಗಳು (ನೀರು ಬೆರೆಸಿ ಬಳಸುವ ಶರಬತ್ ಮುಂತಾದವು ಇಲ್ಲಿ ಬರುತ್ತವೆ): ಶೇಕಡಾ 18 ಇದ್ದುದು ಶೇಕಡಾ 5.
— ಮಜ್ಜಿಗೆ: ಬಿಡಿಯಾಗಿ ಮಾರಿದರೆ ತೆರಿಗೆಯಿಲ್ಲ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಾಕಿದ್ದರೆ 2022ರ ಜುಲೈ 18ರಿಂದ ಶೇಕಡಾ 5.

ಎರಡನೆಯ ಸಾಲಿಗೆ ಒಂದು ಹಿನ್ನೆಲೆಯಿದೆ. ಆ್ಯಪಿ ಫಿಜ್ ಎಂಬ ಸೇಬಿನ ಪೇಯವು ಹಣ್ಣಿನ ರಸದ ಪೇಯವೋ ಸೋಡಾ ಪೇಯವೋ ಎಂಬ ವಿವಾದ ಕೇರಳದ ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ ಎದ್ದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2017ರ ಮೇ ತಿಂಗಳಲ್ಲಿ ನ್ಯಾಯಾಲಯವು ಅದನ್ನು ಹಣ್ಣಿನ ರಸ ಆಧಾರಿತ ಪೇಯವೆಂದೇ ತೀರ್ಮಾನಿಸಿತು. ಆದರೆ ಜಿಎಸ್‌ಟಿ ಬಂದ ಮೇಲೆ, 2021ರ ಅಕ್ಟೋಬರ್ 1ರಿಂದ, ಸೋಡಾ ತುಂಬಿದ ಹಣ್ಣಿನ ಪೇಯಗಳಿಗೆಂದೇ ಪ್ರತ್ಯೇಕ ನಮೂದು ಸೇರಿತು. ಆದಕಾರಣ ಹಳೆಯ ತೀರ್ಪನ್ನು ನೆಚ್ಚಿಕೊಂಡು ಇಂದು ಬಾಟಲಿ ತುಂಬುವಂತಿಲ್ಲ.

ಮೂರನೆಯ ಸಾಲಿನ ಪಾಠವನ್ನು ನಾನು ಸ್ವಂತ ತಪ್ಪಿನಿಂದ ಕಲಿತೆ. 2019ರಲ್ಲಿ ಸಣ್ಣ ಉತ್ಪಾದಕರೊಬ್ಬರು ಮಜ್ಜಿಗೆಹುಲ್ಲು–ಶುಂಠಿಯ ತಂಪುಪೇಯವನ್ನು ಬಾಟಲಿಯಲ್ಲಿ ಮಾರುತ್ತಿದ್ದರು. ಅದರಲ್ಲಿ ನಿಂಬೆರಸ ಇದ್ದುದು ಹೆಸರಿಗೆ ಮಾತ್ರ. ಪಾಕಪಟ್ಟಿಯಲ್ಲಿ ನಿಂಬೆ ಕಂಡ ನಾನು, ಎಷ್ಟು ಪ್ರಮಾಣವೆಂದು ಕೇಳದೆ, ಹಣ್ಣಿನ ಪೇಯವೆಂದು ಶೇಕಡಾ 12ರ ದರ ಸೂಚಿಸಿದೆ. ಪರಿಶೀಲನೆಯಾದಾಗ ದರ ಶೇಕಡಾ 18 ಎಂದಾಯಿತು. ಶೇಕಡಾ 6ರ ವ್ಯತ್ಯಾಸವನ್ನೂ ಅದರ ಮೇಲಿನ ಬಡ್ಡಿಯನ್ನೂ, ಗ್ರಾಹಕರಿಂದ ವಸೂಲು ಮಾಡಿರದ ಆ ಮೊತ್ತವನ್ನು, ಅವರು ಕೈಯಿಂದ ಕಟ್ಟಬೇಕಾಯಿತು. ನಾನು ಆ ವರ್ಷದ ಶುಲ್ಕವನ್ನು ಬಿಟ್ಟುಕೊಟ್ಟೆನಾದರೂ ಅವರ ಆ ಋತುವಿನ ಲಾಭ ಮರಳಿ ಬರಲಿಲ್ಲ. ಅಂದು ವ್ಯತ್ಯಾಸ ಶೇಕಡಾ 6 ಇತ್ತು. ಇಂದು ಅದೇ ತಪ್ಪು ಮಾಡಿದರೆ ಶೇಕಡಾ 35. ಸಣ್ಣ ಘಟಕವೊಂದು ಮುಚ್ಚಿಹೋಗಲು ಇಷ್ಟು ಸಾಕು.

ಹಣ್ಣಿನ ಪ್ರಮಾಣಕ್ಕೆ ಆಹಾರ ಸುರಕ್ಷತಾ ಮಾನದಂಡವೇ ಒಳ್ಳೆಯ ಆಧಾರ. ನೇರವಾಗಿ ಕುಡಿಯುವ ಹಣ್ಣಿನ ಪೇಯದಲ್ಲಿ ಕನಿಷ್ಠ ಶೇಕಡಾ 10, ನಿಂಬೆಯಾದರೆ ಶೇಕಡಾ 5 ಹಣ್ಣಿನ ರಸವಿರಬೇಕು. ಸ್ಕ್ವಾಷ್ ಹಾಗೂ ಸಿರಪ್ಪುಗಳಲ್ಲಿ ಕನಿಷ್ಠ ಶೇಕಡಾ 25 ಇರಬೇಕು. ಪ್ರಯೋಗಾಲಯದ ವರದಿಯನ್ನು ತೆರಿಗೆ ಕಡತದಲ್ಲಿಯೂ ಒಂದು ಪ್ರತಿ ಇಟ್ಟುಕೊಳ್ಳುವುದನ್ನು ಮರೆಯಬಾರದು.

6. ವೆಚ್ಚದ ಲೆಕ್ಕ

ಈಗ ಆ ಯುವ ಉದ್ಯಮಿಯ ಬಾಟಲಿಗೆ ಬರೋಣ. ಕೆಳಗಿನ ಅಂಕಿಗಳನ್ನು ತಿಳಿವಳಿಕೆಗಾಗಿ ಸರಳಗೊಳಿಸಿದ್ದೇನೆ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ನೋಡಿಕೊಳ್ಳಬೇಕು.

200 ಮಿಲಿಲೀಟರ್ ಬಾಟಲಿ, ಸೋಡಾ ಇಲ್ಲದೆ:

ರಸ ಮತ್ತು ಸಕ್ಕರೆ — ರೂ. 3.50
ಬಾಟಲಿ ಮತ್ತು ಮುಚ್ಚಳ — ರೂ. 4.00
ಲೇಬಲ್ ಮತ್ತು ರಟ್ಟಿನ ಪೆಟ್ಟಿಗೆ — ರೂ. 1.50
ಇಂಧನ ಮತ್ತು ಕೂಲಿ — ರೂ. 2.00
ಒಟ್ಟು ಬದಲಾಗುವ ವೆಚ್ಚ — ರೂ. 11.00
ಉತ್ಪಾದಕರ ಮಾರಾಟ ಬೆಲೆ — ರೂ. 16.00
ಬಾಟಲಿಯೊಂದಕ್ಕೆ ಉಳಿಯುವುದು — ರೂ. 5.00

ವಿತರಕರು ಹಾಗೂ ಅಂಗಡಿಯವರ ಪಾಲು ರೂ. 4 ಸೇರಿ ರೂ. 20, ಅದರ ಮೇಲೆ ಶೇಕಡಾ 5 ತೆರಿಗೆ ರೂ. 1, ಗ್ರಾಹಕರಿಗೆ ಬೆಲೆ ರೂ. 21.

ಈಗ ಇದಕ್ಕೆ ಸೋಡಾ ತುಂಬಿ ಅದೇ ರೂ. 21ಕ್ಕೆ ಮಾರೋಣ. ಶೇಕಡಾ 40ರ ದರದಲ್ಲಿ ರೂ. 21ರೊಳಗೆ ತೆರಿಗೆಯೇ ರೂ. 6, ಉಳಿದದ್ದು ರೂ. 15. ವಿತರಣೆಯ ರೂ. 4 ಕಳೆದರೆ ಉತ್ಪಾದಕರಿಗೆ ರೂ. 11. ಬದಲಾಗುವ ವೆಚ್ಚವೂ ರೂ. 11. ಅನಿಲ ತುಂಬುವ ಯಂತ್ರದ ಖರ್ಚನ್ನು ಬಿಟ್ಟರೂ ಬಾಟಲಿಯೊಂದಕ್ಕೆ ಉಳಿಯುವುದು ಸೊನ್ನೆ. ಎಷ್ಟು ಹೆಚ್ಚು ಮಾರಿದರೂ ಕಟ್ಟಡದ ಬಾಡಿಗೆ, ಸಂಬಳ, ಬ್ಯಾಂಕಿನ ಬಡ್ಡಿ ಹುಟ್ಟುವುದಿಲ್ಲ. ಬೆಲೆ ಏರಿಸೋಣವೆಂದರೆ ಮೊದಲಿನಷ್ಟೇ ರೂ. 5 ಉಳಿಯಲು ಗ್ರಾಹಕರ ಬೆಲೆಯನ್ನು ರೂ. 28 ಮಾಡಬೇಕು. ದೊಡ್ಡ ಕಂಪನಿಗಳ ಸೋಡಾ ಪೇಯಗಳು ಪಕ್ಕದಲ್ಲೇ ಇರುವಾಗ ಹೊಸ ಹೆಸರಿನ ಬಾಟಲಿಗೆ ಅಷ್ಟು ಕೊಡುವವರು ಎಷ್ಟು ಮಂದಿ?

ಆ ಉದ್ಯಮಿ ಕಾಗದವನ್ನು ಎರಡು ಬಾರಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ ‘ಹಾಗಾದರೆ ಹೋಂಸ್ಟೇಯವರೇ ಸೋಡಾ ಬೆರೆಸಿಕೊಂಡರೆ?’ ಎಂದು ಕೇಳಿದರು. ಸರಿಯಾದ ಉತ್ತರವನ್ನು ಅವರೇ ಕಂಡುಕೊಂಡಿದ್ದರು. ಉತ್ಪಾದಕರು ಗಟ್ಟಿ ರಸವನ್ನು ಮಾರಬೇಕು. ಬೇಕಾದವರು ಮೇಜಿನ ಬಳಿ ಸೋಡಾ ಸೇರಿಸಿಕೊಳ್ಳಲಿ. ಅಲ್ಲಿ ಅದು ಸೇವೆಯ ಭಾಗ. ಗುಳ್ಳೆಯೂ ತಾಜಾ ಇರುತ್ತದೆ.

ಗಟ್ಟಿ ರಸದ ಲೆಕ್ಕವನ್ನೂ ನೋಡೋಣ. 700 ಮಿಲಿಲೀಟರ್ ಬಾಟಲಿಗೆ ಬದಲಾಗುವ ವೆಚ್ಚ ರೂ. 80, ಮಾರಾಟ ಬೆಲೆ ರೂ. 130, ಉಳಿಯುವುದು ರೂ. 50 ಎಂದಿಟ್ಟುಕೊಳ್ಳಿ. ಋತುವೊಂದರ ಸ್ಥಿರ ವೆಚ್ಚ ರೂ. 3,00,000. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಬಿಂದು, ಅಂದರೆ ವಾಣಿಜ್ಯ ಪದವಿಯಲ್ಲಿ ನಾವು ಬ್ರೇಕ್ ಈವನ್ ಎಂದು ಕಲಿತದ್ದು, ಹೀಗೆ ಬರುತ್ತದೆ:

ಸಣ್ಣ ಬಾಟಲಿ, ಸೋಡಾರಹಿತ: 3,00,000 ÷ 5 = 60,000 ಬಾಟಲಿ
ಗಟ್ಟಿ ರಸ: 3,00,000 ÷ 50 = 6,000 ಬಾಟಲಿ
ಸಣ್ಣ ಬಾಟಲಿ, ಸೋಡಾ ಸಹಿತ, ರೂ. 21ರ ಬೆಲೆಗೆ: ಎಂದಿಗೂ ಇಲ್ಲ

ಮೂರು ತಾಲ್ಲೂಕುಗಳ ಹೋಟೆಲು, ಹೋಂಸ್ಟೇ, ಅಂಗಡಿಗಳಿಗೆ 6,000 ಬಾಟಲಿ ತಲುಪಿಸುವುದು ಒಂದು ಕುಟುಂಬದ ಕೈಲಾಗುವ ಕೆಲಸ. 60,000 ಬಾಟಲಿಗೆ ವಾಹನ, ವಿತರಕರು, ಉದ್ದರಿ ಇವೆಲ್ಲ ಬೇಕು.

ಇಲ್ಲಿ ಮೂರು ವಿಷಯಗಳನ್ನು ಸೇರಿಸಬೇಕು. ಒಂದು, ಮುರುಗಲು ಬರುವುದು ಬೇಸಿಗೆಯ ಕೊನೆಯಲ್ಲಿ. ಮಳೆ ಹಿಡಿಯುವ ಮೊದಲೇ ವರ್ಷದ ಹಣ್ಣು ಮತ್ತು ಸಕ್ಕರೆಯನ್ನು ಖರೀದಿಸಬೇಕು. ಆ ದುಡಿಯುವ ಬಂಡವಾಳದ ಬಡ್ಡಿಯನ್ನು ವೆಚ್ಚಕ್ಕೆ ಸೇರಿಸದ ಲೆಕ್ಕ ಅಪೂರ್ಣ. ಎರಡು, ಬೀಜದಿಂದ ಮುರುಗಲು ತುಪ್ಪ ಬರುತ್ತದೆ. ಬೀಜವನ್ನು ಎಸೆಯದೆ ಉಪೋತ್ಪನ್ನದ ಆದಾಯವಾಗಿ ತೋರಿಸಿ. ಮೂರು, ಬಾಟಲಿ, ಮುಚ್ಚಳಗಳ ಮೇಲೆ ಕಟ್ಟುವ ತೆರಿಗೆ ಶೇಕಡಾ 18, ಮಾರಾಟದ ಮೇಲೆ ಶೇಕಡಾ 5. ಹೀಗೆ ಉಳಿಯುವ ಹೂಡುವಳಿ ತೆರಿಗೆ ಜಮೆಯನ್ನು ಮರುಪಾವತಿ ಕೇಳಲು ಅವಕಾಶವಿದೆ. ಅವಧಿಯೊಳಗೆ ಅರ್ಜಿ ಹಾಕಬೇಕು.

ಹೋಂಸ್ಟೇಯವರ ಲೆಕ್ಕ ಇನ್ನೂ ಸರಳ. ಅರ್ಧ ಲೀಟರ್ ಸಿರಪ್ ರೂ. 110, ಒಣ ಸಿಪ್ಪೆ ರೂ. 40, ಒಟ್ಟು ರೂ. 150ರಲ್ಲಿ 50 ಲೋಟ, ಲೋಟಕ್ಕೆ ರೂ. 3. ಉಪ್ಪು, ಜೀರಿಗೆ, ಮಂಜುಗಡ್ಡೆ ರೂ. 2. ಕೂಲಿ, ತೊಳೆಯುವುದು, ಚೆಲ್ಲುವುದು ರೂ. 5. ಒಟ್ಟು ರೂ. 10. ವರ್ಷಕ್ಕೆ 150 ರಾತ್ರಿ, ತಲಾ 8 ಅತಿಥಿಗಳಾದರೆ 1,200 ಲೋಟಕ್ಕೆ ರೂ. 12,000. ತಲೆಗೆ ರೂ. 25ರಂತೆ ಊಟದ ದರದಲ್ಲಿಯೇ ಸೇರಿಸಿದರೆ ರೂ. 30,000 ಬರುತ್ತದೆ. ‘ಹಸಿವು ಹೆಚ್ಚಿದರೆ ಅನ್ನದ ಖರ್ಚೂ ಹೆಚ್ಚುವುದಿಲ್ಲವೇ?’ ಎಂದು ಮಾಲೀಕರೊಬ್ಬರು ನಗುತ್ತ ಕೇಳಿದರು. ಬಡಿಸಿದ್ದನ್ನು ಅತಿಥಿ ಉಂಡರೆ ಅದು ಖರ್ಚು; ಎಲೆಯಲ್ಲಿ ಬಿಟ್ಟರೆ ನಷ್ಟ. ಇವೆರಡರ ನಡುವಿನ ಭೇದ ಅವರಿಗೂ ಗೊತ್ತಿತ್ತು.

7. ಅನುಸರಿಸಬೇಕಾದ ಕ್ರಮಗಳು

ಎಷ್ಟೇ ಸಣ್ಣ ಪ್ರಮಾಣವಾದರೂ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಅಥವಾ ಪರವಾನಗಿ ಕಡ್ಡಾಯ. ಯಾವುದು ಬೇಕೆಂಬುದು ವಹಿವಾಟಿನ ಮಿತಿಯನ್ನು ಅವಲಂಬಿಸಿದ್ದು, ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಮಿತಿಯನ್ನು ನೋಡಿಕೊಳ್ಳಬೇಕು. ಪೊಟ್ಟಣದ ಮೇಲೆ 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಂತೆ ತಯಾರಕರ ವಿಳಾಸ, ನಿವ್ವಳ ಪ್ರಮಾಣ, ತಯಾರಿಸಿದ ತಿಂಗಳು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರು ದೂರು ನೀಡಬಹುದಾದ ಸಂಪರ್ಕ ಇರಬೇಕು.

ಲೇಬಲ್ ಬರೆಯುವಾಗ ನಾಲಿಗೆಯ ಮೇಲೆ ಹಿಡಿತವಿರಲಿ. ‘ಪಿತ್ತ ಶಮನ’, ‘ಬೊಜ್ಜು ಕರಗಿಸುತ್ತದೆ’ ಎಂಬ ಮಾತುಗಳು ಆಹಾರವನ್ನು ಔಷಧವೆಂದು ಸಾರಿದಂತೆ. 2018ರ ಜಾಹೀರಾತು ಮತ್ತು ಹಕ್ಕುಸಾಧನೆ ನಿಯಮಗಳು ಇದಕ್ಕೆ ಅಡ್ಡಿ. ‘ನೂರಕ್ಕೆ ನೂರು ಹಣ್ಣಿನ ರಸ’ ಎಂಬ ಬರಹವನ್ನು ತೆಗೆಯುವಂತೆ 2024ರ ಜೂನ್ ತಿಂಗಳಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಆದೇಶಿಸಿದೆ.

ಬಂಡವಾಳಕ್ಕೆ ಸಂಬಂಧಿಸಿದಂತೆ, ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಸಹಾಯಧನದ ವ್ಯವಸ್ಥೆಯಿತ್ತು. ಯಂತ್ರ ಖರೀದಿಸುವ ಮೊದಲು ಅಂತಹ ಯೋಜನೆಗಳ ಅವಧಿ ಹಾಗೂ ಷರತ್ತುಗಳನ್ನು ಜಿಲ್ಲಾ ಕೃಷಿ ಇಲಾಖೆಯಲ್ಲಿ ವಿಚಾರಿಸಿರಿ. ಖರೀದಿಯ ನಂತರ ಸಹಾಯಧನ ಕೇಳುವುದು ಊಟವಾದ ಮೇಲೆ ಎಲೆ ಹಾಕಿದಂತೆ.

ಉಪಸಂಹಾರ

ಹೊಸ ಪೇಯವನ್ನು ಆಯ್ದುಕೊಳ್ಳುವವರು ಐದು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಲಿ. ಇದು ಹಸಿವನ್ನು ತೆರೆಯುತ್ತದೆಯೇ, ಮುಚ್ಚುತ್ತದೆಯೇ? ಲೋಟವೊಂದರಲ್ಲಿ ಸಕ್ಕರೆ ಎಷ್ಟು? ಇದರಲ್ಲಿ ಹಣ್ಣಿನ ಪಾಲು ಶೇಕಡಾ ಎಷ್ಟು, ಅದಕ್ಕೆ ವರದಿ ಇದೆಯೇ? ಬಾಟಲಿಯೊಳಗೆ ಸೋಡಾ ಇದೆಯೇ? ಮದ್ಯವಿದ್ದರೆ ಸನ್ನದು ಎಲ್ಲಿದೆ? ಐದಕ್ಕೂ ಉತ್ತರ ಸಿಕ್ಕ ಮೇಲೆ ಲೇಬಲ್ ಮುದ್ರಣಕ್ಕೆ ಕೊಡಬಹುದು.

ಆ ಯುವ ಉದ್ಯಮಿ ಸೋಡಾ ಯಂತ್ರದ ಮುಂಗಡವನ್ನು ಕೊಡದೆ ಉಳಿಸಿ, ಈ ಬೇಸಿಗೆಯ ಹಣ್ಣಿಗೆ ರೈತರೊಂದಿಗೆ ಮಾತಾಡಿಕೊಂಡಿದ್ದಾರೆ. ಅವರ ಲೇಬಲ್ಲಿನ ಕರಡು ನನ್ನ ಮೇಜಿನ ಮೇಲಿದೆ. ‘ನೀರು ಅಥವಾ ಸೋಡಾ ಬೆರೆಸಿ, ಊಟಕ್ಕೆ ಮುನ್ನ ಕುಡಿಯಿರಿ’ ಎಂದಷ್ಟೇ ಅದರಲ್ಲಿ ಬರೆದಿದ್ದಾರೆ. ತಿದ್ದುವುದಕ್ಕೆ ಏನೂ ಇರಲಿಲ್ಲ.